ಬೀರಿನ ಮಾಗುವಿಕೆ ಮತ್ತು ಹಳಸುವಿಕೆ

ಪದಾರ್ಥವು ಹಳೆಯದಾಗುವುದನ್ನು ಸೂಚಿಸಲು ಕನ್ನಡದಲ್ಲಿ ಎರಡು ಕ್ರಿಯಾಪದಗಳುಂಟು. ಕಾಲದಿಂದ ಗುಣವೇರಿದುದು ಮಾಗುತ್ತದೆ, ಗುಣಗೆಟ್ಟುದು ಹಳಸುತ್ತದೆ. ನೆಲಮಾಳಿಗೆಯಲ್ಲಿ ವರ್ಷಗಟ್ಟಲೆ ಇರಿಸಿದ ಬೀರಿನ ರುಚಿಯನ್ನು ವಿವೇಚಿಸುವಾಗ ಈ ಭೇದವು ಅತ್ಯವಶ್ಯಕವಾದುದು. ಏಕೆಂದರೆ ಒಂದೇ ಸೀಸೆಯೊಳಗೆ ಈ ಎರಡು ವ್ಯಾಪಾರಗಳೂ ಏಕಕಾಲದಲ್ಲಿ ನಡೆಯುತ್ತವೆ. ಇವುಗಳಲ್ಲಿ ಯಾವುದು ಪ್ರಬಲವಾಗುವುದೆಂಬುದು ಬೀರಿನ ಜಾತಿಯನ್ನೂ ಅದನ್ನು ಕಾಪಾಡಿದ ರೀತಿಯನ್ನೂ ಅವಲಂಬಿಸಿದೆ.

ಮೊದಲು ಹಳಸುವಿಕೆಯನ್ನು ನೋಡಬಹುದು. ಬೀರಿಗೆ ಕಹಿಯನ್ನು ಕೊಡುವ ಹಾಪ್ ಹೂವಿನ ಆಮ್ಲಗಳು ಕಾಲಕ್ರಮದಲ್ಲಿ ಒಡೆಯುತ್ತವೆ. ಹೂವಿನ ಪರಿಮಳವಾದರೋ ಕೆಲವೇ ತಿಂಗಳುಗಳಲ್ಲಿ ಮಾಸುತ್ತದೆ. ಬಾಳೆಯಹಣ್ಣಿನ ವಾಸನೆಯುಳ್ಳ ಐಸೊಅಮೈಲ್ ಅಸಿಟೇಟ್ ಎಂಬ ದ್ರವ್ಯವೂ ಕ್ಷೀಣಿಸುತ್ತದೆ. ಇದಲ್ಲದೆ ನಾನೆನಾಲ್ ಎಂಬ ದ್ರವ್ಯವು ತಲೆದೋರಿ ಬೀರಿಗೆ ಒದ್ದೆಯಾದ ರಟ್ಟಿನ ವಾಸನೆಯನ್ನು ತರುತ್ತದೆ. ಲೀಟರಿಗೆ ಒಂದು ಗ್ರಾಮಿನ ಸುಮಾರು ಕೋಟಿಯಲ್ಲೊಂದು ಪಾಲಿನಷ್ಟಿದ್ದರೂ ನಾಲಗೆಯು ಇದನ್ನು ಗುರುತಿಸಬಲ್ಲುದು. ಆದುದರಿಂದ ತೆಳುವಾದ ಲಾಗರ್ ಬೀರಿಗೂ ಹಾಪ್ ಪರಿಮಳವೇ ಪ್ರಧಾನವಾದ ಬೀರಿಗೂ ದೀರ್ಘಕಾಲದ ಸಂಗ್ರಹವು ಹಾನಿಕರವೇ ಸರಿ.

ಮದ್ಯಸಾರವು ಶೇಕಡ ೮ಕ್ಕೆ ಮೇಲ್ಪಟ್ಟು, ಮಾಲ್ಟಿನ ಸತ್ತ್ವವು ಹೇರಳವಾಗಿರುವ ಬೀರುಗಳ ಸ್ಥಿತಿ ಬೇರೆ. ಇವುಗಳಲ್ಲಿ ಮದ್ಯಸಾರದ ಕಟುತ್ವವು ಮೆಲ್ಲಮೆಲ್ಲನೆ ಅಡಗಿ, ಒಣದ್ರಾಕ್ಷಿ, ಕಾಕಂಬಿ, ಶೆರಿ ಮದ್ಯ ಇವನ್ನು ನೆನಪಿಗೆ ತರುವ ರುಚಿಗಳು ಮೂಡುತ್ತವೆ. ಇದರಲ್ಲಿ ಪಾಲುಳ್ಳ ಸೋಟೊಲೋನ್ ಎಂಬ ದ್ರವ್ಯವೇ ನಮ್ಮ ಮೆಂತ್ಯಕ್ಕೂ ಅದರ ವಿಶಿಷ್ಟವಾದ ಪರಿಮಳವನ್ನು ಕೊಡುವುದು. ಆಮ್ಲಜನಕವು ತೆಳು ಬೀರನ್ನು ಕೆಡಿಸುವುದಾದರೂ, ಸತ್ತ್ವಯುತವಾದ ಬೀರಿನಲ್ಲಿ ಮಿತವಾಗಿ ವರ್ತಿಸಿದರೆ ಇಂತಹ ರುಚಿಗೆ ಸಹಾಯಕವಾಗುತ್ತದೆ.

ಮಾಗುವಿಕೆಗೆ ಸಜೀವವಾದ ಕಾರಣವೂ ಒಂದುಂಟು. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯ ಕ್ಲಾಸೆನ್ ಎಂಬ ವಿದ್ವಾಂಸನು ೧೯೦೪ರಲ್ಲಿ, ಇಂಗ್ಲೆಂಡಿನ ಹಳೆಯ ಬೀರುಗಳ ವಿಶೇಷ ರುಚಿಗೆ ಒಂದು ಬಗೆಯ ಯೀಸ್ಟೇ ಕಾರಣವೆಂದು ತೋರಿಸಿ ಅದನ್ನು ಬ್ರೆಟ್ಟನೊಮೈಸಿಸ್ ಎಂದು ಕರೆದನು. 'ಬ್ರಿಟಿಷ್ ಶಿಲೀಂಧ್ರ'ವೆಂದು ಆ ಹೆಸರಿನ ಅರ್ಥ. ಸಾಮಾನ್ಯ ಯೀಸ್ಟು ಬಿಟ್ಟುಬಿಡುವ ಶರ್ಕರಗಳನ್ನೂ ಇದು ನಿಧಾನವಾಗಿ ತಿಂದು, ಸಿಹಿಯನ್ನು ತಗ್ಗಿಸಿ, ಲವಂಗವನ್ನೂ ಚರ್ಮವನ್ನೂ ಹೋಲುವ ವಾಸನೆಗಳನ್ನು ಉಂಟುಮಾಡುತ್ತದೆ. ಬೆಲ್ಜಿಯಮ್ಮಿನಲ್ಲಿ ಒಂದು, ಎರಡು, ಮೂರು ವರ್ಷದ ಲ್ಯಾಂಬಿಕ್ ಬೀರುಗಳನ್ನು ಬೆರಸಿ ಗೂಜ್ ಎಂಬ ಹುಳಿ ಬೀರನ್ನು ಮಾಡುವ ಸಂಪ್ರದಾಯಕ್ಕೂ ಈ ಜೀವಿಯೇ ಆಧಾರ.

ಈ ವಿಷಯಕ್ಕೆ ಸಾಹಿತ್ಯದ ಸಂಬಂಧವೂ ಇದೆ. ತಾಮಸ್ ಹಾರ್ಡಿಯು ೧೮೮೦ರ 'ದಿ ಟ್ರಂಪೆಟ್ ಮೇಜರ್' ಕಾದಂಬರಿಯಲ್ಲಿ ಡಾರ್ಚೆಸ್ಟರ್ ಊರಿನ ಬೀರನ್ನು ಬಹುವಾಗಿ ಕೊಂಡಾಡಿದ್ದನು. ಅವನು ತೀರಿಕೊಂಡು ನಾಲ್ವತ್ತು ವರ್ಷಗಳಾದ ೧೯೬೮ರಲ್ಲಿ ಅದೇ ಊರಿನ ಎಲ್ಡ್ರಿಜ್ ಪೋಪ್ ಸಂಸ್ಥೆಯು ಸೀಸೆಯಲ್ಲಿಯೇ ಮಾಗಬೇಕಾದ ಉಗ್ರವಾದ ಬೀರೊಂದನ್ನು ಅವನ ಹೆಸರಿನಲ್ಲಿ ತಯಾರಿಸಿತು.

ಮಾಗತಕ್ಕ ಬೀರೂ ಬಿಸಿಲು ಸೆಕೆಗಳಿಗೆ ಸಿಕ್ಕಿದರೆ ಹಳಸುವುದು. ಬೆಳಕು ಹಾಪ್ ಆಮ್ಲಗಳನ್ನು ಒಡೆದು ದುರ್ಗಂಧವನ್ನು ಹುಟ್ಟಿಸುತ್ತದೆ. ಶಾಖವು ಆಮ್ಲಜನಕದ ಕ್ರಿಯೆಯನ್ನು ತ್ವರೆಗೊಳಿಸುತ್ತದೆ. ೧೦ರಿಂದ ೧೩ ಸೆಂಟಿಗ್ರೇಡ್ ಡಿಗ್ರಿಗಳ ಸಮಶೀತದಲ್ಲಿ, ಕತ್ತಲೆಯಲ್ಲಿ, ಯೀಸ್ಟಿನ ಗಸಿಯು ತಳದಲ್ಲಿಯೇ ನಿಲ್ಲುವಂತೆ ಸೀಸೆಯನ್ನು ನೆಟ್ಟಗೆ ಇಡುವುದು ಇದರಿಂದಲೇ. ಹೀಗಿರುವುದರಿಂದ ವರ್ಷಗಳ ಸಂಖ್ಯೆಯೊಂದೇ ಬೀರಿನ ಯೋಗ್ಯತೆಗೆ ಪ್ರಮಾಣವಾಗಲಾರದು. ಅದರ ಸತ್ತ್ವವನ್ನೂ ಅದು ಕಳೆದ ವಾಸವನ್ನೂ ತಿಳಿದ ಬಳಿಕವೇ ಮಾಗಿದೆಯೋ ಹಳಸಿದೆಯೋ ಎಂಬುದನ್ನು ನಿರ್ಣಯಿಸತಕ್ಕದ್ದು.