ಜಾರುವ ದಾರಿಗೆ ತಕ್ಕ ಸೈಕಲು

ಹಿಮ ಬೀಳುವ ನಾಡುಗಳಲ್ಲಿ ಚಳಿಗಾಲಕ್ಕೆಂದೇ ಸೈಕಲಿಗೆ ಬೇರೆ ಟಯರು ಹಾಕುವವರಿದ್ದಾರೆ. ಫಿನ್ಲೆಂಡಿನ ಔಲು ನಗರದಲ್ಲಿ ಮಕ್ಕಳು ಹಿಮದ ಮೇಲೆಯೇ ಸೈಕಲು ತುಳಿದು ಶಾಲೆಗೆ ಹೋಗುತ್ತಾರೆ. ಮಂಜುಗಡ್ಡೆಯನ್ನು ಕಚ್ಚಿ ಹಿಡಿಯುವ ಸಣ್ಣ ಲೋಹದ ಮೊಳೆಗಳುಳ್ಳ ಟಯರುಗಳು ಅಲ್ಲಿ ಅಂಗಡಿಯಲ್ಲಿ ಸಿಗುತ್ತವೆ. ಋತುವಿನೊಡನೆ ನೆಲದ ಗುಣ ಬದಲಾಗುತ್ತದೆ, ಗಾಲಿಯೂ ಅದಕ್ಕೆ ಹೊಂದಬೇಕು ಎಂಬ ವಿವೇಕ ಅದರ ಹಿಂದಿದೆ.

ಕಾಸರಗೋಡಿನಲ್ಲಿ ಹಿಮವಿಲ್ಲ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮುಂಗಾರು ನಮ್ಮ ದಾರಿಗಳನ್ನು ಅಷ್ಟೇ ಜಾರುವಂತೆ ಮಾಡುತ್ತದೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯಗಳ ಕಡೆ ಗುಡ್ಡ ಇಳಿದು ತೋಟ ಸೇರುವ ಕಾಂಕ್ರೀಟು ದಾರಿಗಳು ಆಟಿ ತಿಂಗಳಲ್ಲಿ ಹಾವಸೆಯಿಂದ ಹಸಿರಾಗಿರುತ್ತವೆ. ಮಣ್ಣಿನ ದಾರಿಗಳು ಕೆಂಪು ಕೆಸರಾಗುತ್ತವೆ. ಶಾಲೆ ತೆರೆಯುವುದೂ ಮಳೆ ಹಿಡಿಯುವುದೂ ಒಂದೇ ಹೊತ್ತಿಗೆ. ಮಗುವಿಗೆ ಹೊಸ ಸೈಕಲು ಕೊಳ್ಳುವುದೂ ಬಹುಪಾಲು ಆಗಲೇ. ಬಣ್ಣ, ಗೇರು, ಟಯರಿನ ದಪ್ಪ ಹಲ್ಲು ನೋಡಿ ಕೊಂಡ ಸೈಕಲು ಇಳಿಜಾರಿನಲ್ಲಿ ನಿಲ್ಲದೆ ಹೋದರೆ ಅಪಾಯ ಎಷ್ಟೆಂಬುದನ್ನು ಹೇಳಬೇಕಾಗಿಲ್ಲ. ಆದ್ದರಿಂದ ಮೊದಲು ನೋಡಬೇಕಾದುದು ಬ್ರೇಕು, ಅನಂತರ ಟಯರು, ಉಳಿದುದೆಲ್ಲ ಆಮೇಲೆ.

ಹಳೆಯ ಕಪ್ಪು ಸೈಕಲುಗಳ ರಿಮ್ಮು ಹೊಳಪು ಹಾಕಿದ ಉಕ್ಕಿನದು. ಅದು ಒಣಗಿದ್ದಾಗ ಬ್ರೇಕಿನ ರಬ್ಬರು ಚೆನ್ನಾಗಿಯೇ ಹಿಡಿಯುತ್ತದೆ. ನೀರಿನ ಪೊರೆ ಕೂತಿತೆಂದರೆ ಹಿಡಿತ ತೀರ ಕುಗ್ಗಿ, ಸೈಕಲು ನಿಲ್ಲಲು ಹಲವು ಪಟ್ಟು ಹೆಚ್ಚು ದೂರ ಬೇಕಾಗುತ್ತದೆ. ಅಲ್ಯೂಮಿನಿಯಂ ರಿಮ್ಮಿನಲ್ಲಿ ಈ ದೋಷ ಬಹಳ ಕಡಿಮೆ. ಗಾಲಿಯ ನಡುವಿನಲ್ಲಿ ಮುಚ್ಚಿಕೊಂಡಿರುವ ಡ್ರಮ್ ಬ್ರೇಕಿಗೂ, ಡಿಸ್ಕ್ ಬ್ರೇಕಿಗೂ ಮಳೆಯ ಬಾಧೆ ಅಷ್ಟಾಗಿ ಇಲ್ಲ. ಉಕ್ಕಿನ ರಿಮ್ಮಿನ ಸೈಕಲೇ ಮನೆಯಲ್ಲಿದ್ದರೆ, ಇಳಿಜಾರು ಬರುವ ಮೊದಲೇ ಬ್ರೇಕನ್ನು ಹಗುರವಾಗಿ ಒತ್ತಿ ರಿಮ್ಮಿನ ನೀರನ್ನು ಒರಸಿಕೊಳ್ಳುವ ಅಭ್ಯಾಸವಿರಲಿ.

ಇನ್ನು ಟಯರಿನ ಮಾತು. ಅಚ್ಚು ಆಳವಾಗಿದ್ದಷ್ಟೂ ಜಾರುವುದಿಲ್ಲವೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಕಾರಿನ ಟಯರು ಅಗಲ, ಚಪ್ಪಟೆ. ವೇಗ ಹೆಚ್ಚಾದರೆ ನೀರಿನ ಮೇಲೆ ತೇಲುತ್ತದೆ. ಅದನ್ನು ತಡೆಯಲು ಅಲ್ಲಿ ಗೀರುಗಳು ಬೇಕು. ಸೈಕಲಿನ ಟಯರು ಕಿರಿದು, ದುಂಡು; ಒಳಗಿನ ಗಾಳಿಯ ಒತ್ತಡವೂ ಹೆಚ್ಚು. ಸವಾರ ಮುಟ್ಟಬಲ್ಲ ವೇಗದಲ್ಲಿ ಅದು ನೀರನ್ನು ಸೀಳಿಯೇ ಸಾಗುತ್ತದೆ. ಡಾಮರಿನ ಮೇಲೆ ಹಿಡಿತ ಕೊಡುವುದು ರಬ್ಬರಿನ ಮೆದುತನ ಮತ್ತು ನೆಲಕ್ಕೆ ತಾಗುವ ಬಗೆ. ಡಾಮರಿನಲ್ಲೇ ಓಡಾಡುವವರಿಗೆ ಸಣ್ಣ ಅಚ್ಚಿನ, ಸ್ವಲ್ಪ ಅಗಲದ ಟಯರು ಸಾಕು. ದಪ್ಪ ಹಲ್ಲಿನ ಟಯರು ಉಪಯೋಗಕ್ಕೆ ಬರುವುದು ಕೆಸರಿನಲ್ಲಿ. ಅಲ್ಲಿ ಹಲ್ಲು ಮಣ್ಣಿಗೆ ಇಳಿದು ಹಿಡಿಯುತ್ತದೆ. ಮನೆಯಿಂದ ರಸ್ತೆಗೆ ಉದ್ದದ ಮಣ್ಣುದಾರಿ ಇರುವವರು, ನಡುವೆ ಹೆಚ್ಚುಕಡಿಮೆ ನಯವಾಗಿ ಅಂಚಿನಲ್ಲಿ ಹಲ್ಲುಳ್ಳ ಟಯರನ್ನು ಆರಿಸಬಹುದು.

ಅಳತೆಯಲ್ಲೂ ಎಚ್ಚರ ಬೇಕು. ಅಂಗಡಿಯಲ್ಲಿ ‘26 ಇಂಚು’ ಎಂದರೆ ಸಾಲದು. ಆ ಹೆಸರಿನ ಟಯರುಗಳಲ್ಲೇ ಒಂದಕ್ಕೊಂದು ಕೂಡದ ಅಳತೆಗಳಿವೆ. ಟಯರಿನ ಪಕ್ಕದಲ್ಲಿ ಅಚ್ಚಾಗಿರುವ ಮಿಲಿಮೀಟರ್ ಸಂಖ್ಯೆಯನ್ನು ನೋಡಬೇಕು. 28 ಇಂಚಿನ ಹಳೆಯ ಸೈಕಲಿಗೆ 40-635. ಅದರಲ್ಲಿ 40 ಟಯರಿನ ಅಗಲ, 635 ರಿಮ್ಮಿನ ಅಳತೆ. ದಪ್ಪ ಟಯರಿನ 26 ಇಂಚಿಗೆ ಸಾಮಾನ್ಯವಾಗಿ 559. ಅದೇ 26 ಇಂಚಿನ ತೆಳು ಟಯರಿನ ಸೈಕಲಿಗೆ 590. ಗಾಳಿಯ ಒತ್ತಡದ ಮಿತಿಯೂ ಅಲ್ಲಿಯೇ ಬರೆದಿರುತ್ತದೆ. ಮಳೆಗಾಲದಲ್ಲಿ ಗರಿಷ್ಠ ಮಿತಿಗಿಂತ ತುಸು ಕಡಿಮೆ ಗಾಳಿ ಲೇಸು; ತೀರ ಇಳಿಸಿದರೆ ಮುರಕಲ್ಲಿನ ಚೂರುಗಳಿಗೆ ಸಿಕ್ಕಿ ಟ್ಯೂಬು ಒಡೆಯುತ್ತದೆ.

ವರ್ಷಗಳ ಬಿಸಿಲಿಗೆ ಗಟ್ಟಿಯಾಗಿ ಬಿರುಕು ಬಿಟ್ಟ ರಬ್ಬರಿಗೆ, ಅಚ್ಚು ಉಳಿದಿದ್ದರೂ, ಹಿಡಿತವಿರುವುದಿಲ್ಲ. ಒಂದೇ ಹೊಸ ಟಯರು ಕೊಳ್ಳುವ ಶಕ್ತಿಯಿದ್ದರೆ ಅದನ್ನು ಮುಂದಿನ ಗಾಲಿಗೆ ಹಾಕಬೇಕು. ಹಿಂದಿನ ಗಾಲಿ ಜಾರಿದರೆ ಸಾವರಿಸಿಕೊಳ್ಳಲು ಒಮ್ಮೊಮ್ಮೆ ಸಾಧ್ಯ. ಮುಂದಿನದು ಜಾರಿದರೆ ಬಿದ್ದಂತೆಯೇ. ಮೊಳೆಯ ಟಯರು ಒಂದೇ ಇದ್ದಾಗ ಹಿಮದ ನಾಡಿನವರು ಪಾಲಿಸುವ ನಿಯಮವೂ ಇದುವೇ.

ಯಾವ ಟಯರಿಗೂ ಬಗ್ಗದ ನೆಲವೊಂದಿದೆ: ಹಾವಸೆ ಕಟ್ಟಿದ ಕಲ್ಲು ಮತ್ತು ಕಾಂಕ್ರೀಟು. ನಮ್ಮ ಹಿರಿಯರು ಮಳೆಗಾಲದ ಅಂಗಳಕ್ಕೆ ಅಡಿಕೆ ಸೋಗೆ ಹಾಸಿದ್ದು ಇದನ್ನು ಅರಿತೇ. ದಾರಿಯುದ್ದಕ್ಕೂ ಸೋಗೆ ಹಾಸಲಾಗದು. ಇಳಿಜಾರಿನ ಹಾವಸೆಯನ್ನು ಕೆರೆದು ತೆಗೆಯಲು ನೆರೆಕರೆಯವರು ಸೇರಿದರೆ ಒಂದು ಬೆಳಗಿನ ಕೆಲಸ. ಅಲ್ಲಿಯವರೆಗೆ ಅಂಥ ಕಡೆ ಇಳಿದು ಸೈಕಲನ್ನು ಕೈಯಲ್ಲಿ ನಡೆಸಬೇಕೆಂದು ಮಕ್ಕಳಿಗೆ ಹೇಳಿಕೊಡೋಣ. ರೈಲು ಹಳಿಯನ್ನು ನೇರ ಅಡ್ಡಲಾಗಿ ದಾಟುವುದನ್ನೂ, ರಸ್ತೆಯ ಬಿಳಿ ಬಣ್ಣದ ಪಟ್ಟಿಗಳ ಮೇಲೆ ತಿರುಗದಿರುವುದನ್ನೂ, ಮೊದಲ ಮಳೆಗೆ ಡಾಮರಿನ ಎಣ್ಣೆಜಿಡ್ಡು ಮೇಲೆದ್ದಿರುವಾಗ ನಿಧಾನಿಸುವುದನ್ನೂ ಅದರೊಡನೆ ಕಲಿಸಬೇಕು. ಮುಂಗಾರಿಗೆ ಮುನ್ನ ಮಾಡಿನ ಹಂಚು ಸರಿಪಡಿಸುವ ನಾವು, ಅದೇ ದಿನ ಅಂಗಳದ ಮೂಲೆಯ ಸೈಕಲಿನ ಬ್ರೇಕು ಕಟ್ಟೆಗಳನ್ನೂ ಒಮ್ಮೆ ನೋಡಿದರೆ ಒಳಿತು.