ಹೂವಿನ ಹುಡಿ ಹೇಳುವ ಕುಟುಂಬದ ಹೆಸರು

ದಾಸವಾಳದ ಕೇಸರ ಮುಟ್ಟಿದರೆ ಬೆರಳಿಗೆ ಹಳದಿ ಹುಡಿ ಅಂಟುತ್ತದೆ. ಅದರ ಒಂದೊಂದು ಕಣವೂ ಒಂದು ಪರಾಗರೇಣು. ಹೂವು, ಎಲೆ ಎದುರಿಗಿಲ್ಲದಿದ್ದರೂ ಈ ಕಣವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಗಿಡ ಯಾವ ಕುಟುಂಬದ್ದೆಂದು ಬಹುಮಟ್ಟಿಗೆ ಹೇಳಬಹುದು. ಹೇಗೆಂದು ಕುಂಬಳೆಯ ನಮ್ಮ ಹಿತ್ತಿಲ ಗಿಡಗಳಿಂದಲೇ ತಿಳಿಯೋಣ.

ಮೊದಲು ನೋಡುವುದು ರೇಣುವಿನ ಬಾಗಿಲನ್ನು, ಅಂದರೆ ಪರಾಗನಾಳ ಹೊರಬರುವ ತೆಳುವಾದ ಜಾಗವನ್ನು. ತೆಂಗು, ಕಂಗುಗಳ ರೇಣುವಿಗೆ ಉದ್ದಕ್ಕೆ ಒಂದೇ ಸೀಳು. ಭತ್ತ, ಗರಿಕೆ, ಬಿದಿರು ಮೂರೂ ಹುಲ್ಲಿನ ಕುಟುಂಬದವು. ಅವುಗಳ ರೇಣು ಉರುಟು, ಮೈ ನುಣುಪು, ಇರುವುದು ಒಂದೇ ರಂಧ್ರ.

ಎರಡನೆಯದು ಮೈಯ ರಚನೆ. ದಾಸವಾಳ, ಬೆಂಡೆ, ಹತ್ತಿ ಒಂದೇ ಕುಟುಂಬ. ರೇಣುವಿನ ಮೈತುಂಬ ಮುಳ್ಳು. ಆದರೆ ಸೇವಂತಿಗೆ, ಸೂರ್ಯಕಾಂತಿಗಳ ರೇಣುವಿಗೂ ಮುಳ್ಳಿದೆ! ಆಗ ಗಾತ್ರವನ್ನೂ ಬಾಗಿಲನ್ನೂ ಸೇರಿಸಿ ನೋಡಬೇಕು. ದಾಸವಾಳದ್ದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ದೊಡ್ಡದು, ರಂಧ್ರಗಳು ಹಲವು. ಸೇವಂತಿಗೆಯದು ಬಹಳ ಸಣ್ಣದು, ಬಾಗಿಲು ಮೂರೇ. ರೇಣುಗಳು ಬಿಡಿಯೋ ಗುಂಪೋ ಎಂಬುದೂ ಗುರುತು: ಅಕೇಶಿಯಾ ಮರದಲ್ಲಿ 16 ರೇಣುಗಳು ಒಂದೇ ಉಂಡೆಯಾಗಿರುತ್ತವೆ.

ಈ ವಿಧಾನಕ್ಕೆ ಮಿತಿಯಿದೆ. ಹುಲ್ಲಿನ ಕುಟುಂಬವೆಂದು ಹೇಳುವುದು ಸುಲಭ. ಗದ್ದೆಯ ಭತ್ತವೋ ಬದುವಿನ ಹುಲ್ಲೋ ಎಂದು ಬಿಡಿಸಿ ಹೇಳುವುದು ಕಷ್ಟ.

ಆದರೂ ಇದರಿಂದ ದೊಡ್ಡ ಉಪಯೋಗವಿದೆ. ರೇಣುವಿನ ಹೊರಕವಚ ಸ್ಪೋರೋಪೊಲೆನಿನ್ ಎಂಬ ವಸ್ತುವಿನದು. ಗಾಳಿಯಾಡದ ಕೆಸರಿನಲ್ಲಿ ಸಾವಿರಾರು ವರ್ಷ ಕೊಳೆಯದೆ ಉಳಿಯುತ್ತದೆ. ಕಾರವಾರದ ಎದುರಿನ ಕಡಲತಳದ ಕೆಸರನ್ನು ತೆಗೆದು, ಪದರ ಪದರವಾಗಿ ರೇಣುಗಳನ್ನು ಗುರುತಿಸಿ ಎಣಿಸಿದ ಕರಾತಿನಿ ಮತ್ತು ಸಂಗಡಿಗರು 1994ರಲ್ಲಿ ಒಂದು ವಿಷಯ ಪ್ರಕಟಿಸಿದರು: ಸುಮಾರು 3500 ವರ್ಷಗಳ ಹಿಂದೆ ಅಲ್ಲಿನ ಹವೆಯ ತೇವ ಕಡಿಮೆಯಾಯಿತು. ಕಾಡಿನ ಮತ್ತು ಕಾಂಡ್ಲಾ ಗಿಡಗಳ ರೇಣು ಇಳಿದು, ಹುಲ್ಲುಗಾವಲಿನ ರೇಣು ಏರಿದ್ದೇ ಅದಕ್ಕೆ ಸಾಕ್ಷಿ. ಬರೆದಿಟ್ಟ ಚರಿತ್ರೆ ಇಲ್ಲದ ಕಾಲದ ಕತೆಯನ್ನು ಹೂವಿನ ಹುಡಿ ಹೇಳಿತು.

ನಮ್ಮ ಹೊಳೆಗಳು ಕಡಲು ಸೇರುವಲ್ಲಿಯೂ ಕಾಂಡ್ಲಾ ಇದೆ, ಅದರ ಬುಡದಲ್ಲಿ ಕೆಸರೂ ಇದೆ. ಅಲ್ಲಿ ಮಣ್ಣು ತುಂಬಿಸಿದರೆ, ಅಗೆದು ಕಲಕಿದರೆ, ಗಿಡಗಳ ಜತೆಗೆ ಊರಿನ ಹಳೆಯ ದಾಖಲೆಯೂ ಅಳಿಯುತ್ತದೆ. ಹೊಳೆಬದಿಯನ್ನು ಉಳಿಸಿಕೊಳ್ಳಲು ನಮಗೆ ಇದೂ ಒಂದು ಕಾರಣ.

ಸದಸ್ಯರಲ್ಲಿ ಅಧ್ಯಾಪಕರು ಹಲವರಿದ್ದೀರಿ. ಶಾಲೆಯ ಸೂಕ್ಷ್ಮದರ್ಶಕದಲ್ಲಿ ಒಂದು ದಾಸವಾಳ, ಒಂದು ಸೇವಂತಿಗೆಯ ಹುಡಿಯನ್ನು ಮಕ್ಕಳಿಗೆ ತೋರಿಸಿ. ಎರಡು ಮುಳ್ಳುಂಡೆಗಳ ವ್ಯತ್ಯಾಸವನ್ನು ಅವರೇ ಕಂಡುಹಿಡಿಯಲಿ.