ರೇಖಾಗಣಿತ: ಪ್ರಮೇಯ ಮರೆತ ಮೇಲೂ ಉಳಿಯಬೇಕಾದ್ದು

ಹತ್ತನೇ ಕ್ಲಾಸು ಮುಗಿಸಿದ ಯಾರನ್ನಾದ್ರೂ ರೇಖಾಗಣಿತದಲ್ಲಿ ಏನು ಕಲಿತೆ ಅಂತ ಕೇಳಿ. ಥೇಲ್ಸನ ಪ್ರಮೇಯ, ಪೈಥಾಗೊರಸ್ ಪ್ರಮೇಯ, ವೃತ್ತದ ಸ್ಪರ್ಶಕಗಳು ಅಂತ ಪಟ್ಟಿ ಬರುತ್ತೆ. ಅದು ಪಾಠಗಳ ಪಟ್ಟಿ. ಆ ಪಾಠಗಳಿಂದ ಏನು ಬರಬೇಕಿತ್ತು ಅನ್ನೋದು ಬೇರೆ ಪ್ರಶ್ನೆ. ಇಂಜಿನಿಯರಿಂಗ್ ಓದುತ್ತಿರುವ ನಮಗೆ ಈ ಪ್ರಶ್ನೆ ದಿನಾ ಎದುರಾಗುತ್ತೆ. ನಮ್ಮ ಲೆಕ್ಕದಲ್ಲಿ ಹೈಸ್ಕೂಲ್ ರೇಖಾಗಣಿತಕ್ಕೆ ನಾಲ್ಕು ಗುರಿಗಳಿದ್ದರೆ ಸಾಕು.

1. ಅಳೆಯೋದಕ್ಕೂ ಸಾಧಿಸೋದಕ್ಕೂ ಇರುವ ವ್ಯತ್ಯಾಸ

ತ್ರಿಭುಜ ಬರೆದು ಕೋನಮಾಪಕ ಇಟ್ಟು ಮೂರೂ ಕೋನ ಕೂಡಿದರೆ ಒಬ್ಬರಿಗೆ 179 ಡಿಗ್ರಿ, ಇನ್ನೊಬ್ಬರಿಗೆ 181 ಬರುತ್ತೆ. ಸರಿಯಾಗಿ 180 ಬಂದರೂ ಅದು ಆ ಒಂದು ತ್ರಿಭುಜದ ಮಾತು. ಶೃಂಗದ ಮೂಲಕ ಪಾದಕ್ಕೆ ಸಮಾಂತರವಾಗಿ ಒಂದು ಗೆರೆ ಎಳೆದು ಪರ್ಯಾಯ ಕೋನಗಳನ್ನು ನೋಡಿದರೆ, ಜಗತ್ತಿನ ಎಲ್ಲ ತ್ರಿಭುಜಗಳ ಲೆಕ್ಕ ಒಂದೇ ಸಲಕ್ಕೆ ಮುಗಿಯುತ್ತೆ. ದತ್ತ, ಸಾಧನೀಯ, ರಚನೆ, ಸಾಧನೆ ಅಂತ ಬರೆಸೋದು ಇದಕ್ಕೇ: ಯಾವುದು ಕೊಟ್ಟಿದ್ದು, ಯಾವುದು ಬರೀ ಚಿತ್ರದಲ್ಲಿ ಹಾಗೆ ಕಾಣ್ತಿರೋದು ಅಂತ ಬೇರ್ಪಡಿಸೋಕೆ.

2. ಆಕೃತಿ ಯಾವುದರಿಂದ ನಿಗದಿಯಾಗುತ್ತೆ?

ಮೂರು ಬಾಹು ಕೊಟ್ಟರೆ ತ್ರಿಭುಜ ಒಂದೇ. ಬಾ.ಬಾ.ಬಾ. ಸರ್ವಸಮತೆ ಹೇಳೋದು ಇಷ್ಟೇ. ಅದಕ್ಕೇ ಹೆರಾನನ ಸೂತ್ರಕ್ಕೆ ಬಾಹುಗಳು ಮಾತ್ರ ಸಾಕು. ಆದರೆ ನಾಲ್ಕು ಬಾಹು ಕೊಟ್ಟರೆ ಚತುರ್ಭುಜ ನಿಗದಿಯಾಗಲ್ಲ. ನಾಲ್ಕೂ ಬಾಹು 5 ಸೆಂ.ಮೀ. ಇರುವ ಚೌಕದ ವಿಸ್ತೀರ್ಣ 25 ಚದರ ಸೆಂ.ಮೀ. ಅದನ್ನೇ ಸ್ವಲ್ಪ ಓರೆ ಮಾಡಿ, ವಿಕರ್ಣಗಳು 6 ಮತ್ತು 8 ಇರುವ ವಜ್ರಾಕೃತಿ ಮಾಡಿದರೆ 24. ಇನ್ನೂ ಓರೆ ಮಾಡ್ತಾ ಹೋದರೆ ಸೊನ್ನೆಯ ಹತ್ತಿರಕ್ಕೂ ಇಳಿಯುತ್ತೆ.

ಇದು ದೊಡ್ಡವರನ್ನೂ ಕಾಡಿದ ವಿಷಯ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ'ದಲ್ಲಿ ನಾಲ್ಕು ಬಾಹುಗಳಿಂದಲೇ ವಿಸ್ತೀರ್ಣ ಕಂಡುಹಿಡಿಯುವ ಸೂತ್ರ ಇದೆ. ಅದು ಚಕ್ರೀಯ ಚತುರ್ಭುಜಕ್ಕೆ ಮಾತ್ರ ಸರಿ ಅನ್ನೋ ಷರತ್ತನ್ನು ಅಲ್ಲಿ ಹೇಳಿಲ್ಲ. ವಿಕರ್ಣ ಗೊತ್ತಿಲ್ಲದೆ ವಿಸ್ತೀರ್ಣ ನಿಗದಿಯಾಗದು ಅಂತ 12ನೇ ಶತಮಾನದಲ್ಲಿ ಭಾಸ್ಕರಾಚಾರ್ಯ 'ಲೀಲಾವತಿ'ಯಲ್ಲಿ ಎತ್ತಿ ತೋರಿಸಿದ.

ಸಿವಿಲ್‌ನವರು ಟ್ರಸ್‌ನಲ್ಲಿ ತ್ರಿಭುಜಗಳನ್ನೇ ಜೋಡಿಸೋದು ಅದು ಅಲುಗಾಡದಿರಲಿ ಅಂತ. ಮೆಕ್ಯಾನಿಕಲ್‌ನವರ ಫೋರ್ ಬಾರ್ ಮೆಕ್ಯಾನಿಸಂ ಕೆಲಸ ಮಾಡೋದು ಚತುರ್ಭುಜ ಅಲುಗಾಡುತ್ತೆ ಅಂತ. ಎರಡಕ್ಕೂ ಬೇರು ಒಂಬತ್ತನೇ ಕ್ಲಾಸಿನ ಒಂದೇ ಪಾಠದಲ್ಲಿದೆ.

3. ಪ್ರಮೇಯ ಬೇರೆ, ಅದರ ವಿಲೋಮ ಬೇರೆ

ಮನೆ ಪಾಯ ಗುರುತು ಹಾಕುವಾಗ ಮೇಸ್ತ್ರಿ ಒಂದು ದಾರದಲ್ಲಿ 3 ಅಡಿ, ಇನ್ನೊಂದರಲ್ಲಿ 4 ಅಡಿ ಗುರುತು ಮಾಡಿ, ನಡುವೆ ಸರಿಯಾಗಿ 5 ಅಡಿ ಬರುವ ತನಕ ದಾರ ಸರಿಸ್ತಾನೆ. ಮೂಲೆ ಲಂಬಕೋನ ಆಯ್ತು. ಇದು ಪೈಥಾಗೊರಸ್ ಪ್ರಮೇಯ ಅಂತ ಎಲ್ರೂ ಹೇಳ್ತಾರೆ. ನಿಜವಾಗಿ ಇಲ್ಲಿ ಬಳಕೆಯಾಗಿದ್ದು ಅದರ ವಿಲೋಮ: ಬಾಹುಗಳು ಹೀಗಿದ್ದರೆ ಕೋನ ಲಂಬಕೋನ. ಯೂಕ್ಲಿಡ್ ತನ್ನ ಮೊದಲ ಪುಸ್ತಕದಲ್ಲಿ 47ನೆಯದಾಗಿ ಪ್ರಮೇಯವನ್ನೂ 48ನೆಯದಾಗಿ ವಿಲೋಮವನ್ನೂ ಬೇರೆ ಬೇರೆಯಾಗಿ ಸಾಧಿಸಿದ್ದಾನೆ. ಯಾಕಂದ್ರೆ ಒಂದು ನಿಜವಾದ ಮಾತ್ರಕ್ಕೆ ಇನ್ನೊಂದು ನಿಜ ಆಗಲೇಬೇಕೆಂದಿಲ್ಲ. ಚೌಕಕ್ಕೆ ನಾಲ್ಕೂ ಬಾಹು ಸಮ, ಆದರೆ ನಾಲ್ಕೂ ಬಾಹು ಸಮ ಇದ್ದದ್ದೆಲ್ಲ ಚೌಕ ಅಲ್ಲ. ಕೋಡ್‌ನಲ್ಲಿ ಇಫ್ ಬರೆಯುವಾಗ, ಲ್ಯಾಬಿನಲ್ಲಿ ಕಾರಣ ಹುಡುಕುವಾಗ ಬೇಕಾಗೋ ಎಚ್ಚರ ಇದೇ.

4. ಅಳತೆ ಬದಲಾದಾಗ ಏನೇನು ಬದಲಾಗುತ್ತೆ?

ಸಮರೂಪತೆಯ ಪಾಠದ ಸಾರ ಇದು. ಉದ್ದಗಳು 2 ಪಟ್ಟಾದರೆ ವಿಸ್ತೀರ್ಣ 4 ಪಟ್ಟು, ಘನಫಲ 8 ಪಟ್ಟು. ಒಂದು ಮಾದರಿಯನ್ನು ಅದೇ ವಸ್ತುವಿನಲ್ಲಿ ಎಲ್ಲ ದಿಕ್ಕಲ್ಲೂ ಎರಡು ಪಟ್ಟು ಮಾಡಿದರೆ ತೂಕ 8 ಪಟ್ಟಾಗುತ್ತೆ, ಅದನ್ನು ಹೊರುವ ಕಂಬದ ಅಡ್ಡಕೊಯ್ತ ಮಾತ್ರ 4 ಪಟ್ಟು. ಅಂದ್ರೆ ಕಂಬದ ಪ್ರತಿ ಚದರ ಸೆಂ.ಮೀ. ಮೇಲೆ ಭಾರ ಎರಡರಷ್ಟು. ಮೇಜಿನ ಮೇಲೆ ನಿಂತ ಮಾದರಿ ದೊಡ್ಡದಾಗಿ ಕಟ್ಟಿದಾಗಲೂ ನಿಲ್ಲುತ್ತೆ ಅಂತ ನಂಬೋಕೆ ಆಗದಿರೋದು ಇದಕ್ಕೇ.

ಈ ನಾಲ್ಕನ್ನು ಪರೀಕ್ಷಿಸೋಕೆ ಪ್ರಮೇಯ ಬಾಯಿಪಾಠ ಒಪ್ಪಿಸೋದು ಸಾಲದು. ಚಿತ್ರದ ಅಕ್ಷರಗಳನ್ನು ಬದಲಿಸಿದರೆ ಬಾಯಿಪಾಠ ನಿಂತುಹೋಗುತ್ತೆ. ನಮ್ಮಲ್ಲಿ ಎಷ್ಟೋ ಜನ ರಜೆಗೆ ಊರಿಗೆ ಹೋದಾಗ ತಮ್ಮ ತಂಗಿಯರಿಗೆ, ಪಕ್ಕದ ಮನೆ ಮಕ್ಕಳಿಗೆ ಲೆಕ್ಕ ಹೇಳಿಕೊಡ್ತೀವಿ. ಆಗ ಮೂರು ಪ್ರಶ್ನೆ ಕೇಳೋಣ: ಇದರಲ್ಲಿ ಕೊಟ್ಟಿರೋದು ಏನು? ಒಂದು ದತ್ತ ತೆಗೆದುಹಾಕಿದರೆ ಸಾಧನೆಯ ಯಾವ ಹೆಜ್ಜೆ ಮುರಿಯುತ್ತೆ? ತಿರುಗಿಸಿ ಹೇಳಿದರೂ ನಿಜವೇ? ಜೊತೆಗೆ ನಾಲ್ಕು ಐಸ್‌ಕ್ರೀಮ್ ಕಡ್ಡಿ, ನಾಲ್ಕು ಗುಂಡುಸೂಜಿ ಕೊಟ್ಟು ಚೌಕ ಮಾಡಿಸಿ. ಅದು ವಾಲಿದಾಗ, ನೆಟ್ಟಗೆ ನಿಲ್ಲಿಸೋಕೆ ಇನ್ನೊಂದು ಕಡ್ಡಿ ಎಲ್ಲಿ ಹಾಕಬೇಕು ಅಂತ ಮಗುವೇ ಹುಡುಕಲಿ.